ಉರಿಯುವ ಅನಿಲ, ಉಸಿರು ಕಸಿಯುವ ಅನಿಲ



ನ್ಯೂಜಿಲೆಂಡಿನ ಅತಿದೊಡ್ಡ ಬಂದರು ಇರುವ ಊರು ಟೌರಂಗಾ. ದೋಣಿ ದುರಸ್ತಿ, ಕಿವಿಹಣ್ಣಿನ ಪ್ಯಾಕ್‌ಹೌಸ್, ಹಾಲಿನ ಉದ್ಯಮ, ಎಲ್ಲಕ್ಕೂ ವೆಲ್ಡರ್ ಬೇಕು. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಪಳಗಿದ ಕೈಗೆ ಕೆಲಸ ಹೊಸದಲ್ಲ. ಆದರೆ ನಾವು ಬಳಸುವ ಅನಿಲಗಳಲ್ಲಿ ಎರಡು ಬಗೆ: ಬೆಂಕಿಗೆ ಬೇಕಾದವು ಮತ್ತು ಬೆಸುಗೆಯನ್ನು ಕಾಯುವವು. ಮೊದಲನೆಯದಕ್ಕೆ ನಾವು ಹೆದರುತ್ತೇವೆ, ಎರಡನೆಯದಕ್ಕೆ ಹೆದರುವುದಿಲ್ಲ. ಇಂದಿನ ನನ್ನ ಮಾತು ಮುಖ್ಯವಾಗಿ ಎರಡನೆಯದರ ಬಗ್ಗೆ.

ಬೆಂಕಿಯ ಅನಿಲಗಳು

ಗ್ಯಾಸ್ ಕಟಿಂಗ್ ಎಂದರೆ ಉಕ್ಕನ್ನು ಕರಗಿಸುವುದಲ್ಲ, ಸುಡುವುದು. ಅಸಿಟಿಲೀನ್ ಮತ್ತು ಆಮ್ಲಜನಕದ ಜ್ವಾಲೆ 3,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದು ಉಕ್ಕನ್ನು ಸುಮಾರು 900 ಡಿಗ್ರಿಗೆ ಕಾಯಿಸಿದ ಮೇಲೆ, ಶುದ್ಧ ಆಮ್ಲಜನಕದ ಧಾರೆ ಕಬ್ಬಿಣವನ್ನೇ ಉರಿಸಿ ಕಿಟ್ಟವನ್ನು ಊದಿಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹೀಗೆ ಕತ್ತರಿಸುವುದಿಲ್ಲ. ಅದರ ಕ್ರೋಮಿಯಂ ಆಕ್ಸೈಡ್ ಪದರ ಸುಲಭವಾಗಿ ಕರಗದೆ ಅಡ್ಡ ನಿಲ್ಲುತ್ತದೆ.

ಅಸಿಟಿಲೀನ್ ಸಿಲಿಂಡರಿನೊಳಗೆ ಅಸಿಟೋನ್‌ನಲ್ಲಿ ಕರಗಿರುತ್ತದೆ. ಆದ್ದರಿಂದ ಸಿಲಿಂಡರನ್ನು ನಿಲ್ಲಿಸಿಯೇ ಬಳಸಬೇಕು, ರೆಗ್ಯುಲೇಟರ್ ಒತ್ತಡ 1 ಬಾರ್ ಮೀರಬಾರದು. ಆಮ್ಲಜನಕದ ವಾಲ್ವ್‌ಗೆ ಎಣ್ಣೆ, ಗ್ರೀಸ್ ಸೋಕಬಾರದು. ಬಟ್ಟೆಯ ಧೂಳು ಹೊಡೆಯಲು ಆಮ್ಲಜನಕ ಬಳಸಲೇಬಾರದು. ಭಾರತದಲ್ಲೂ ಇಲ್ಲೂ ಕೈಗಾರಿಕಾ ಆಮ್ಲಜನಕದ ಸಿಲಿಂಡರ್ ಕಪ್ಪು, ಅಸಿಟಿಲೀನ್‌ದು ಮರೂನ್. ಎಲ್ಲ ದೇಶಗಳಲ್ಲೂ ಹೀಗಿಲ್ಲ. ಬಣ್ಣ ನಂಬದೆ ಲೇಬಲ್ ಓದಿ.

ಕಾಯುವ ಅನಿಲಗಳು

ಮಿಗ್ ವೆಲ್ಡಿಂಗ್‌ನಲ್ಲಿ ಉಕ್ಕಿಗೆ ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಿಶ್ರಣ, ಟಿಗ್‌ನಲ್ಲಿ ಸಾಮಾನ್ಯವಾಗಿ ಶುದ್ಧ ಆರ್ಗಾನ್. ಕರಗಿದ ಲೋಹಕ್ಕೆ ಗಾಳಿ ತಾಕದಂತೆ ಇವು ಹೊದಿಕೆಯಾಗುತ್ತವೆ. ಸಮುದ್ರದ ಗಾಳಿ ಬೀಸಿದರೆ ಹೊದಿಕೆ ಚದುರಿ ಬೆಸುಗೆಯಲ್ಲಿ ಸಣ್ಣ ತೂತುಗಳು ಬೀಳುತ್ತವೆ. ಆಗ ನಾವು ಏನು ಮಾಡುತ್ತೇವೆ? ಬಾಗಿಲು ಮುಚ್ಚುತ್ತೇವೆ, ಪರದೆ ಕಟ್ಟುತ್ತೇವೆ. ಬೆಸುಗೆ ಚೆನ್ನಾಗುತ್ತದೆ, ಆದರೆ ಅನಿಲ ಹೊರಗೆ ಹೋಗುವ ದಾರಿ ಮುಚ್ಚಿತು.

ಆರ್ಗಾನ್ ಗಾಳಿಗಿಂತ ಸುಮಾರು 1.4 ಪಟ್ಟು ಭಾರ. ಹಾಲಿನ ಟ್ಯಾಂಕಿನ ತಳದಲ್ಲಿ, ದೋಣಿಯ ಒಡಲಲ್ಲಿ ನೀರಿನಂತೆ ನಿಲ್ಲುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ. ಏಕೆಂದರೆ ಆ ಅನುಭವ ಬರುವುದು ಮುಖ್ಯವಾಗಿ ದೇಹದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದಾಗ, ಆಮ್ಲಜನಕ ಕಡಿಮೆಯಾದಾಗ ಅಲ್ಲ. ಗಾಳಿಯಲ್ಲಿ ಸಾಮಾನ್ಯವಾಗಿ ಶೇ. 21ರಷ್ಟು ಆಮ್ಲಜನಕವಿರುತ್ತದೆ. ಅದು ಬಹುತೇಕ ಇಲ್ಲವಾದ ಕಡೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪುತ್ತದೆ. ಬಿದ್ದವನನ್ನು ಎತ್ತಲು ಧುಮುಕಿದ ಗೆಳೆಯನೂ ಅಲ್ಲೇ ಬೀಳುತ್ತಾನೆ.

ಆದ್ದರಿಂದ ಒಳಗೆ ಇಳಿಯುವ ಮುಂಚೆ ಮೀಟರಿನಿಂದ ಆಮ್ಲಜನಕ ಅಳೆಯಿರಿ, ಕೆಲಸದುದ್ದಕ್ಕೂ ಅಳೆಯುತ್ತಿರಿ. ಬ್ಲೋವರ್‌ನಿಂದ ಗಾಳಿ ಹಾಯಿಸಿ. ಆಮ್ಲಜನಕ ಬಿಡಬೇಡಿ, ಅದು ಬೆಂಕಿಗೆ ಆಹ್ವಾನ. ಹೊರಗೆ ಒಬ್ಬರು ಕಾವಲಿರಲಿ. ಅವರು ಒಳಗೆ ನುಗ್ಗದೆ ಸಹಾಯ ಕರೆಯಲಿ. ಇಲ್ಲಿ ತುರ್ತು ಸಂಖ್ಯೆ 111. ಊಟಕ್ಕೆ ಹೋಗುವಾಗ ಟಾರ್ಚ್ ಹೊರಗೆ ತನ್ನಿ, ಸಿಲಿಂಡರ್ ವಾಲ್ವ್ ಮುಚ್ಚಿ.

ಬೇಡ ಎನ್ನುವ ಹಕ್ಕು

ಮೀಟರ್ ಇಲ್ಲದಿದ್ದರೆ? ನಮ್ಮಲ್ಲಿ ಹಲವರ ವೀಸಾದಲ್ಲಿ ಮಾಲೀಕರ ಹೆಸರಿದೆ. ಬಾಯಿ ಬಿಟ್ಟರೆ ಕೆಲಸ ಹೋದೀತು ಎಂಬ ಅಳುಕು ಸಹಜ. ಆದರೆ 2015ರ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆಯ 83ನೇ ಸೆಕ್ಷನ್ ಪ್ರಕಾರ, ಗಂಭೀರ ಅಪಾಯ ಎದುರಿಗಿದೆ ಎಂದು ನಂಬಲು ಸಕಾರಣವಿದ್ದರೆ ಕೆಲಸ ನಿಲ್ಲಿಸಬಹುದು. ತಕ್ಷಣ ಮಾಲೀಕರಿಗೆ ತಿಳಿಸಿ, ಬೇರೆ ಸುರಕ್ಷಿತ ಕೆಲಸಕ್ಕೆ ಸಿದ್ಧವಿರಬೇಕು. ಸುರಕ್ಷತೆಯ ಪ್ರಶ್ನೆ ಎತ್ತಿದ್ದಕ್ಕೆ ಶಿಕ್ಷಿಸುವುದನ್ನು ಅದೇ ಕಾಯ್ದೆ ನಿಷೇಧಿಸುತ್ತದೆ. ವರ್ಕ್‌ಸೇಫ್ ಸಂಸ್ಥೆಗೂ ದೂರು ಕೊಡಬಹುದು. ವೀಸಾ ಯಾವುದಾದರೂ ಈ ಹಕ್ಕು ಒಂದೇ.

ಹೊಸದಾಗಿ ಬಂದ ಹುಡುಗರಿಗೆ ಇದನ್ನು ಕನ್ನಡದಲ್ಲೇ ಹೇಳಿಕೊಡೋಣ. ಊರಿನಲ್ಲಿ ಅವರ ದಾರಿ ಕಾಯುವವರಿದ್ದಾರೆ.