ಬಿಚ್ಚಿ ನೋಡಿ ಮಾತಾಡುವವರು

1980ರ ದಶಕದ ಪಶ್ಚಿಮ ಜರ್ಮನಿಯಲ್ಲಿ ಮನೆಯೊಳಗಿನ ಫೋನ್ ತಂತಿಯ ಮೇಲೂ ಅಂಚೆ ಇಲಾಖೆಯದೇ ಯಜಮಾನಿಕೆ. ಇಲಾಖೆ ಒಪ್ಪಿದ ಸಾಧನ ಬಿಟ್ಟು, ಕಂಪ್ಯೂಟರಿಗೆ ಫೋನ್ ಸಂಪರ್ಕ ಕೊಡುವ ಬೇರೆ ಮೋಡೆಮ್ ಜೋಡಿಸಿದರೆ ಕಾನೂನು ಮುರಿದಂತೆ. ಒಪ್ಪಿಗೆಯ ಮುದ್ರೆ ಇದ್ದ ಮೋಡೆಮ್ ಸಾಮಾನ್ಯರ ಕೈಗೆ ಎಟುಕುತ್ತಿರಲಿಲ್ಲ. ಆಗ ಕಂಪ್ಯೂಟರ್ ಹುಚ್ಚಿನ ಕೆಲವರು ಬಿಡಿಭಾಗಗಳನ್ನು ಕೂಡಿಸಿ ತಾವೇ ಒಂದನ್ನು ಮಾಡಿಕೊಂಡರು. ಫೋನಿನ ರಿಸೀವರ್ ಅದರ ಮೇಲೆ ಬಿಗಿಯಾಗಿ ಕೂತು, ಹೊರಗಿನ ಸದ್ದು ಒಳಗೆ ನುಗ್ಗಬಾರದು. ಅದಕ್ಕೆ ಅವರು ಬಳಸಿದ್ದು ಕಕ್ಕಸಿನ ಪೈಪಿಗೆ ಹಾಕುವ ರಬ್ಬರ್ ಬಳೆ. ಈ ಸಾಧನಕ್ಕೆ 'ಡಾಟೆನ್‌ಕ್ಲೋ', ಅಂದರೆ ಮಾಹಿತಿಯ ಕಕ್ಕಸು ಎಂದು ಹೆಸರಿಟ್ಟು, ಮಾಡುವ ವಿಧಾನವನ್ನು ಚಿತ್ರಸಮೇತ ಅಚ್ಚುಹಾಕಿಸಿ ಎಲ್ಲರಿಗೂ ಹಂಚಿದರು.

ಇವರೇ ಕೇಯಾಸ್ ಕಂಪ್ಯೂಟರ್ ಕ್ಲಬ್. ಯುರೋಪಿನಲ್ಲಿ ಗಣಕಾಸಕ್ತರು ಒಂದೆಡೆ ಸೇರಿ ತಂತ್ರಜ್ಞಾನ, ವ್ಯಾಪಾರ, ಕಾನೂನು ಮೂರನ್ನೂ ಒಟ್ಟಿಗೆ ಚರ್ಚಿಸುವ ಅತಿ ದೊಡ್ಡ ಸಂಘ. 1981ರ ಸೆಪ್ಟೆಂಬರ್ 12ರಂದು ಪಶ್ಚಿಮ ಬರ್ಲಿನ್‌ನ 'ಟಾಟ್ಸ್' ಪತ್ರಿಕೆಯ ಕಚೇರಿಯಲ್ಲಿ ಒಂದು ಮೇಜಿನ ಸುತ್ತ ಇದು ಹುಟ್ಟಿತು. ಸಭೆ ಕರೆದವರಲ್ಲಿ ಮುಖ್ಯರು ವಾವ್ ಹಾಲೆಂಡ್. ಅವರ ಆಗಿನ ಎಡಪಂಥೀಯ ಗೆಳೆಯರಲ್ಲಿ ಬಹಳ ಮಂದಿ ಕಂಪ್ಯೂಟರನ್ನು ಪೊಲೀಸರ ಮತ್ತು ದೊಡ್ಡ ಬಂಡವಾಳದ ಅಸ್ತ್ರವೆಂದು ದೂರವಿಟ್ಟಿದ್ದರು. ಹಾಲೆಂಡ್ ಹಿಡಿದ ಹಾದಿ ಬೇರೆ. ಯಂತ್ರ ನಾಳೆ ನಮ್ಮನ್ನು ಆಳಲಿದೆ ಎಂದಾದರೆ ಅದರ ಹೊಟ್ಟೆಯೊಳಗೆ ಏನಿದೆ ಎಂದು ನಾವೇ ತಿಳಿದಿರಬೇಕು ಎಂಬುದು ಅವರ ನಿಲುವು. 2001ರಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ಬಿಡಲಿಲ್ಲ.

ಕ್ಲಬ್ಬಿನ ಹೆಸರು ಮನೆಮಾತಾದದ್ದು 1984ರ ನವೆಂಬರ್‌ನ ಒಂದು ರಾತ್ರಿ. ಜರ್ಮನ್ ಅಂಚೆ ಇಲಾಖೆ 'ಬಿಲ್ಡ್‌ಶಿರ್ಮ್‌ಟೆಕ್ಸ್ಟ್' ಎಂಬ ಸೇವೆ ಆರಂಭಿಸಿತ್ತು. ಫೋನ್ ಮತ್ತು ಟಿ.ವಿ. ಜೋಡಿಸಿಕೊಂಡು ಮನೆಯಲ್ಲೇ ಬ್ಯಾಂಕ್ ವ್ಯವಹಾರ, ಖರೀದಿ ಮಾಡಬಹುದಿತ್ತು. ಯಾರು ಬೇಕಾದರೂ ಅದರಲ್ಲಿ ಪುಟ ಬಾಡಿಗೆಗೆ ಪಡೆದು, ತೆರೆದು ನೋಡಿದವರಿಂದ ಶುಲ್ಕ ವಸೂಲಿ ಮಾಡಬಹುದಿತ್ತು. ವ್ಯವಸ್ಥೆ ಸುಭದ್ರ ಎಂದು ಇಲಾಖೆ ಹೇಳುತ್ತಿತ್ತು. ಇಲ್ಲ, ತೂತುಗಳಿವೆ ಎಂದು ಕ್ಲಬ್ ಹೇಳುತ್ತಿತ್ತು. ಯಾರೂ ಕಿವಿಗೊಡಲಿಲ್ಲ.

ಹಾಲೆಂಡ್ ಮತ್ತು ಅವರ ಗೆಳೆಯ ಸ್ಟೆಫೆನ್ ವೆರ್ನೆರಿ ಕೈಗೆ ಹ್ಯಾಂಬರ್ಗಿನ ಉಳಿತಾಯ ಬ್ಯಾಂಕಿನ ಪಾಸ್‌ವರ್ಡ್ ಸಿಕ್ಕಿತು. ತಂತ್ರಾಂಶದ ದೋಷದಿಂದ ಅದು ತಾನಾಗಿ ಪರದೆಯ ಮೇಲೆ ಬಿತ್ತು ಎಂದು ಇವರೆಂದರು, ಇಲಾಖೆ ಒಪ್ಪಲಿಲ್ಲ. ಕ್ಲಬ್ಬಿನದೇ ಒಂದು ಶುಲ್ಕದ ಪುಟವಿತ್ತು, ಒಮ್ಮೆ ತೆರೆದರೆ 9.97 ಮಾರ್ಕ್. ಬ್ಯಾಂಕಿನ ಹೆಸರಿನಲ್ಲಿ ಆ ಪುಟವನ್ನು ಮತ್ತೆ ಮತ್ತೆ ತೆರೆಯುವ ಪುಟ್ಟ ಪ್ರೋಗ್ರಾಮ್ ಬರೆದು ಓಡಲು ಬಿಟ್ಟರು. ಬೆಳಗಾಗುವುದರೊಳಗೆ ಸುಮಾರು ಹದಿಮೂರೂವರೆ ಸಾವಿರ ಸಲ ಪುಟ ತೆರೆದು, ಕ್ಲಬ್ಬಿನ ಲೆಕ್ಕಕ್ಕೆ 1,35,000 ಮಾರ್ಕ್‌ನಷ್ಟು ಹಣ ಜಮೆಯಾಗಿತ್ತು. ಅದರಲ್ಲಿ ಒಂದು ಪೈಸೆಯನ್ನೂ ಇಟ್ಟುಕೊಳ್ಳದೆ ಹ್ಯಾಂಬರ್ಗಿನ ದತ್ತಾಂಶ ರಕ್ಷಣಾ ಆಯುಕ್ತರ ಮುಂದೆ, ಪತ್ರಕರ್ತರ ಮುಂದೆ ಎಲ್ಲವನ್ನೂ ತೆರೆದಿಟ್ಟರು. ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಕ್ಲಬ್ಬಿನ ವಾದದ ರೀತಿ ಅಲ್ಲಿಗೆ ಗೊತ್ತಾಯಿತು: ಮೊದಲು ಯಂತ್ರ ಬಿಚ್ಚುವುದು, ಕಂಡದ್ದನ್ನು ಬಹಿರಂಗವಾಗಿ ತೋರಿಸುವುದು, ನೀತಿಯ ಮಾತು ಆಮೇಲೆ.

ಈ ಹಾದಿಯಲ್ಲಿ ಅಪಾಯ ಇರಲಿಲ್ಲವೆಂದಲ್ಲ. 1986ರಲ್ಲಿ ಜರ್ಮನಿಯಲ್ಲಿ ಕಂಪ್ಯೂಟರ್ ಅಪರಾಧದ ಕಾನೂನು ಬಿಗಿಯಾದಾಗ ಕ್ಲಬ್ ನೋಂದಾಯಿತ ಸಂಘವಾಯಿತು. ಅದೇ ವರ್ಷಗಳಲ್ಲಿ ಇದರ ಆಸುಪಾಸಿನಲ್ಲಿದ್ದ ಹ್ಯಾನೋವರ್‌ನ ಕೆಲವು ಹುಡುಗರು ಅಮೆರಿಕದ ಕಂಪ್ಯೂಟರುಗಳಿಂದ ಕದ್ದ ಮಾಹಿತಿಯನ್ನು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರಿದರು. ಅವರಲ್ಲಿ ಒಬ್ಬನಾದ ಕಾರ್ಲ್ ಕಾಖ್ 1989ರಲ್ಲಿ ಕಾಡಿನಲ್ಲಿ ಸುಟ್ಟ ಸ್ಥಿತಿಯಲ್ಲಿ ಶವವಾಗಿ ಸಿಕ್ಕ. ಕ್ಲಬ್ ಒಳಗೊಳಗೇ ಒಡೆಯುವ ಹಂತ ತಲುಪಿತ್ತು. ಬೇರೆಯವರ ದತ್ತಾಂಶದಲ್ಲಿ ಕೈಯಾಡಿಸಬಾರದು, ಸಾರ್ವಜನಿಕ ಮಾಹಿತಿ ಎಲ್ಲರಿಗೂ ಸಿಗಬೇಕು, ಖಾಸಗಿ ಮಾಹಿತಿ ರಕ್ಷಣೆಯಲ್ಲಿರಬೇಕು ಎಂಬ ಸೂತ್ರಗಳಿಗೆ ಇವರು ಇಂದಿಗೂ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿರುವುದಕ್ಕೆ ಆ ದಿನಗಳ ಪೆಟ್ಟೂ ಕಾರಣ ಎಂದು ನನಗನ್ನಿಸುತ್ತದೆ.

ಕ್ಲಬ್ಬಿನ ಕೆಲಸಗಳಲ್ಲಿ ಬೆರಳಚ್ಚಿನ ಕತೆ ನಮಗೆ ಹೆಚ್ಚು ಹತ್ತಿರದ್ದು. ಪಾಸ್‌ಪೋರ್ಟಿನಲ್ಲಿ ಬೆರಳಚ್ಚು ಇರಬೇಕೆಂದು ಜರ್ಮನಿಯ ಆಗಿನ ಗೃಹ ಸಚಿವ ವೋಲ್ಫ್‌ಗಾಂಗ್ ಶಾಯ್ಬ್ಲೆ ಬಲವಾಗಿ ವಾದಿಸುತ್ತಿದ್ದರು. 2008ರಲ್ಲಿ ಕ್ಲಬ್ಬಿನ ಪತ್ರಿಕೆ 'ಡಾಟೆನ್‌ಶ್ಲಾಯ್ಡರ್' ಅದೇ ಸಚಿವರ ಬೆರಳಚ್ಚನ್ನು ಮುದ್ರಿಸಿತು. ಅವರು ನೀರು ಕುಡಿದಿಟ್ಟ ಲೋಟದಿಂದ ಎತ್ತಿದ ಗುರುತು ಅದು. ಅಂಟಿಸಿಕೊಳ್ಳಬಹುದಾದ ತೆಳುಪದರವನ್ನೂ ಪ್ರತಿಯ ಜೊತೆಗಿಟ್ಟಿದ್ದರು. ಐದು ವರ್ಷಗಳ ನಂತರ ಬೆರಳಿಟ್ಟರೆ ತೆರೆಯುವ ಐಫೋನ್ ಮಾರುಕಟ್ಟೆಗೆ ಬಂದು ಎರಡು ದಿನ ಕಳೆಯುವುದರೊಳಗೆ ಅದನ್ನೂ ತೆರೆದು ತೋರಿಸಿದರು. ಗಾಜಿನ ಮೇಲಿನ ಗುರುತಿನ ಫೋಟೊ, ಪಾರದರ್ಶಕ ಹಾಳೆಯ ಮೇಲೆ ದಪ್ಪನೆಯ ಟೋನರ್‌ನಲ್ಲಿ ಅದರ ಮುದ್ರಣ, ಮೇಲೆ ಬಡಗಿಗಳು ಬಳಸುವ ಬಿಳಿ ಅಂಟಿನ ಒಂದು ಪದರ. ಒಣಗಿದ ಅಂಟನ್ನು ಸುಲಿದು, ಉಸಿರು ಊದಿ ಕೊಂಚ ತೇವ ಮಾಡಿ ಒತ್ತಿದರೆ ಫೋನ್ ತೆರೆಯುತ್ತದೆ. ಇವರು ಹೇಳಲು ಹೊರಟದ್ದು ಇಷ್ಟೇ: ಪಾಸ್‌ವರ್ಡ್ ಕಳೆದರೆ ಬದಲಿಸಬಹುದು, ಬೆರಳನ್ನು ಬದಲಿಸಲು ಆಗದು. ಹೋದಲ್ಲೆಲ್ಲ ಬಿಟ್ಟುಬರುವ ಗುರುತನ್ನು ಬೀಗದ ಕೈಯಾಗಿ ಬಳಸಬಾರದು.

2023ರಲ್ಲಿ ಕರ್ನಾಟಕದಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಜಮೀನು, ನಿವೇಶನ ನೋಂದಣಿ ಮಾಡಿಸಿದ ಮಂಗಳೂರು, ಬೆಂಗಳೂರಿನ ಹಲವರ ಖಾತೆಯಿಂದ, ಬೆರಳೊತ್ತಿ ಹಣ ತೆಗೆಯುವ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಮಾಯವಾಯಿತು. ಒಟಿಪಿ ಇಲ್ಲ, ಕರೆ ಇಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರಕ್ಕೆ ಒತ್ತಿದ ಹೆಬ್ಬೆಟ್ಟಿನ ಗುರುತನ್ನೇ ವಂಚಕರು ನಕಲು ಮಾಡಿದ್ದರು ಎಂದು ಪೊಲೀಸ್ ತನಿಖೆ ಹೇಳಿತು. ಜರ್ಮನಿಯಲ್ಲಿ ಸಚಿವರ ಲೋಟದಿಂದ ಎತ್ತಿ ತೋರಿಸಿದ ಪಾಠವನ್ನು ನಮ್ಮವರು ಸ್ವಂತ ಉಳಿತಾಯ ಕಳೆದುಕೊಂಡು ಕಲಿಯಬೇಕಾಯಿತು. ಯಾರಿಗೂ ನಷ್ಟವಾಗದಂತೆ ಮುಂಚಿತವಾಗಿ ತೋರಿಸುವವರು ಒಂದು ಸಮಾಜಕ್ಕೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಗೊತ್ತಿಲ್ಲ.

ಮತಯಂತ್ರದ ವಿಷಯದಲ್ಲೂ ಕೊಂಡಿ ಬೆಂಗಳೂರಿನವರೆಗೆ ಬರುತ್ತದೆ. 2005ರ ಜರ್ಮನ್ ಸಂಸತ್ ಚುನಾವಣೆಯಲ್ಲಿ ಸುಮಾರು 20 ಲಕ್ಷ ಮತದಾರರು ನೇಡಾಪ್ ಎಂಬ ಡಚ್ ಕಂಪನಿಯ ಯಂತ್ರದಲ್ಲಿ ಮತ ಹಾಕಿದ್ದರು. ಅದು ಮತದಾನಕ್ಕಷ್ಟೇ ಮಾಡಿದ ಯಂತ್ರ, ಅದರಲ್ಲಿ ಚೆಸ್ ಆಡಿಸಲು ಸಾಧ್ಯವೇ ಎಂಬರ್ಥದ ಮಾತು ಕಂಪನಿಯ ಕಡೆಯಿಂದ ಬಂದಿತ್ತು. 2006ರಲ್ಲಿ ಡಚ್ ಹ್ಯಾಕರ್ ರಾಪ್ ಗಾಂಗ್ರೈಪ್ ಮತ್ತು ಸಂಗಡಿಗರು ಅದೇ ಯಂತ್ರದಲ್ಲಿ ಚೆಸ್ ಆಡಿಸಿ ತೋರಿಸಿದರು. ಜರ್ಮನಿಯ ಸಂವಿಧಾನ ನ್ಯಾಯಾಲಯ ಕೇಯಾಸ್ ಕ್ಲಬ್ಬಿನಿಂದ ತಜ್ಞರ ಅಭಿಪ್ರಾಯ ಪಡೆಯಿತು. 2009ರ ಮಾರ್ಚ್ 3ರಂದು ಬಂದ ತೀರ್ಪು ಆ ಯಂತ್ರಗಳ ಬಳಕೆ ಸಂವಿಧಾನಕ್ಕೆ ಹೊಂದದು ಎಂದಿತು. ಅಕ್ರಮ ನಡೆದ ಪುರಾವೆ ಇಲ್ಲದ್ದರಿಂದ ಚುನಾವಣೆ ರದ್ದಾಗಲಿಲ್ಲ. ಆದರೆ ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಸಾಮಾನ್ಯ ಪ್ರಜೆಗೂ ಮತ ಎಣಿಕೆಯ ಮುಖ್ಯ ಹಂತಗಳನ್ನು ಪರೀಕ್ಷಿಸಲು ಸಾಧ್ಯವಿರಬೇಕು ಎಂಬ ತತ್ವವನ್ನು ಅದು ನೆಲೆಗೊಳಿಸಿತು. ಜರ್ಮನಿ ಕಾಗದದ ಮತಪತ್ರಕ್ಕೆ ಮರಳಿತು.

ಅದೇ ಗಾಂಗ್ರೈಪ್ 2010ರಲ್ಲಿ ಹೈದರಾಬಾದಿನ ಹರಿಪ್ರಸಾದ್, ಮಿಷಿಗನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್ಮನ್ ಜೊತೆ ಸೇರಿ ಭಾರತದ ಮತಯಂತ್ರವೊಂದನ್ನು ಪರೀಕ್ಷಿಸಿ ದೋಷಗಳನ್ನು ಪ್ರಕಟಿಸಿದರು. ಯಂತ್ರ ಕದ್ದ ಆರೋಪದ ಮೇಲೆ ಹರಿಪ್ರಸಾದ್ ಬಂಧನವಾಯಿತು. ನಿಜವಾದ ಚುನಾವಣೆಯ ಬಿಗಿ ಕಾವಲಿನಲ್ಲಿ ಇಂಥ ಕೈಚಳಕ ನಡೆಯದು ಎಂಬುದು ಚುನಾವಣಾ ಆಯೋಗದ ವಾದ. 2013ರಲ್ಲಿ ಸುಪ್ರೀಂ ಕೋರ್ಟ್ ಮತ ಖಾತ್ರಿಯ ಕಾಗದದ ಚೀಟಿ ಬೇಕೆಂದಿತು; ಹಾಗಾಗಿ ಇಂದು ನಾವು ಗುಂಡಿ ಒತ್ತಿದ ಮೇಲೆ ಏಳು ಸೆಕೆಂಡು ವಿವಿಪ್ಯಾಟ್ ಚೀಟಿ ಕಾಣುತ್ತದೆ. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಕೋರ್ಟ್ 2024ರಲ್ಲಿ ತಳ್ಳಿಹಾಕಿತು. ಈ ಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. ಇಲ್ಲಿ ತಯಾರಾಗುವ ವಸ್ತುವಿನ ಬಗ್ಗೆ ಇಲ್ಲಿನ ಎಂಜಿನಿಯರುಗಳು ಹಾದಿಬೀದಿಯಲ್ಲಿ, ಕನ್ನಡದಲ್ಲಿ, ಯಾವ ಪಕ್ಷದ ಹಂಗೂ ಇಲ್ಲದೆ ಚರ್ಚಿಸಬೇಕು ಎಂಬುದು ನನ್ನ ಆಸೆ. ಶಕ್ತಿ ನಮ್ಮಲ್ಲಿ ಇಲ್ಲದಿಲ್ಲ. 2015ರಲ್ಲಿ ನೆಟ್ ನ್ಯೂಟ್ರಾಲಿಟಿಗಾಗಿ, ಅಂದರೆ ಅಂತರ್ಜಾಲದಲ್ಲಿ ಎಲ್ಲ ತಾಣಗಳಿಗೂ ಸಮಾನ ಹಾದಿ ಇರಬೇಕೆಂದು, ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ಗೆ ಹತ್ತು ಲಕ್ಷ ಇಮೇಲ್ ಹೋದಾಗ, ಆ ಅಭಿಯಾನ ಕಟ್ಟಿದ ಸ್ವಯಂಸೇವಕರಲ್ಲಿ ಬೆಂಗಳೂರಿನ ತಂತ್ರಜ್ಞರೂ ಇದ್ದರು.

ಕ್ಲಬ್ ಸರ್ಕಾರವನ್ನೂ ಪ್ರಶ್ನಿಸುತ್ತದೆ, ಕಂಪನಿಗಳನ್ನೂ ಪ್ರಶ್ನಿಸುತ್ತದೆ. 2011ರಲ್ಲಿ ಜರ್ಮನ್ ಪೊಲೀಸರ ಗೂಢಚಾರ ತಂತ್ರಾಂಶವನ್ನು ಬಿಡಿಸಿ, ಅದು ಕಾನೂನು ಕೊಟ್ಟ ಮಿತಿಯನ್ನು ದಾಟುತ್ತದೆ ಎಂದು ತೋರಿಸಿದಾಗ ಫ್ರಾಂಕ್‌ಫರ್ಟಿನ ಭಾನುವಾರದ ಪತ್ರಿಕೆಯೊಂದು ಆ ತಂತ್ರಾಂಶದ ಕೋಡನ್ನೇ ತನ್ನ ಸಾಂಸ್ಕೃತಿಕ ಪುಟಗಳಲ್ಲಿ ಮುದ್ರಿಸಿತು. 2024ರಲ್ಲಿ ಸರದಿ ಬಂದದ್ದು ಫೋಕ್ಸ್‌ವ್ಯಾಗನ್ ಸಮೂಹಕ್ಕೆ. ಸುಮಾರು 8 ಲಕ್ಷ ವಿದ್ಯುತ್ ಕಾರುಗಳ ಮಾಹಿತಿ ಭದ್ರತೆಯಿಲ್ಲದೆ ಬಿದ್ದಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾರುಗಳು ಎಲ್ಲಿ ನಿಂತಿದ್ದವು ಎಂಬುದೂ ಸೇರಿತ್ತು. ಕ್ಲಬ್ ಮೊದಲು ಕಂಪನಿಗೆ ತಿಳಿಸಿ ತೂತು ಮುಚ್ಚಿಸಿತು, ಆಮೇಲೆ ಜನರ ಮುಂದಿಟ್ಟಿತು.

ಜನರ ಮುಂದಿಡುವ ಆ ಜಾಗವೇ 1984ರಿಂದ ನಡೆದುಬಂದ ಕೇಯಾಸ್ ಕಮ್ಯುನಿಕೇಷನ್ ಕಾಂಗ್ರೆಸ್. ಕ್ರಿಸ್‌ಮಸ್ ಮುಗಿದ ಮೇಲೆ, ಹೊಸ ವರ್ಷಕ್ಕೆ ಮುಂಚೆ ನಾಲ್ಕು ದಿನ. ಹ್ಯಾಂಬರ್ಗ್, ಬರ್ಲಿನ್, ಲೈಪ್ಸಿಗ್ ಸುತ್ತಿ ಈಗ ಮತ್ತೆ ಹ್ಯಾಂಬರ್ಗಿನಲ್ಲಿ ನೆಲೆಸಿದೆ. ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರುವ ಈ ಜಾತ್ರೆಯಲ್ಲಿ ಬಾಗಿಲು ಕಾಯುವುದು, ಅಡುಗೆ, ಕೇಬಲ್ ಎಳೆಯುವುದು, ಭಾಷಣದ ಅನುವಾದ ಎಲ್ಲವೂ 'ಏಂಜೆಲ್' ಎಂದು ಕರೆಯಿಸಿಕೊಳ್ಳುವ ಸ್ವಯಂಸೇವಕರ ಕೆಲಸ. ವೇದಿಕೆಯ ಮೇಲೆ ಕಾನೂನು ತಜ್ಞೆ ಮಾತಾಡಿ ಇಳಿದರೆ ಮುಂದಿನ ಗಂಟೆ ಚಿಪ್ ಕೆರೆದು ಓದುವವನ ಪಾಳಿ. ಭಾಷಣಗಳ ವಿಡಿಯೊ ಕ್ಲಬ್ಬಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಅನೇಕ ಜರ್ಮನ್ ಭಾಷಣಗಳಿಗೆ ಇಂಗ್ಲಿಷ್ ಅನುವಾದದ ಧ್ವನಿಯೂ ಉಂಟು. ಹೊಸದಾಗಿ ನೋಡುವವರು ಫೋಕ್ಸ್‌ವ್ಯಾಗನ್ ಪ್ರಕರಣದ ಭಾಷಣದಿಂದ ಆರಂಭಿಸಬಹುದು. ಕಂಪ್ಯೂಟರ್ ಓದದವರಿಗೂ ಅದು ಅರ್ಥವಾಗುತ್ತದೆ.