ಅಡುಗೆ ಮನೆಗೂ ಒಂದು ಬೇಸಿಗೆ ರಜೆ

ಬೇಸಿಗೆ ರಜೆ ಬಂತೆಂದರೆ ಮಕ್ಕಳಿಗೆ ಸಂಭ್ರಮ. ಮನೆಯ ಹೆಂಗಸಿಗೆ ಮಾತ್ರ ಕೆಲಸ ಇಮ್ಮಡಿ. ತಿನ್ನುವ ಬಾಯಿಗಳು ಹೆಚ್ಚು, ಬರುವ ನೆಂಟರು ಹೆಚ್ಚು, ಉಪ್ಪಿನಕಾಯಿ ಸಂಡಿಗೆಯ ಕೆಲಸ ಬೇರೆ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲೂ ಬಹಳ ವರ್ಷ ಹೀಗೆಯೇ ನಡೆಯಿತು. ನಾವು ಹೆಂಗಸರು ಹೊಸಿಲು ದಾಟಿ ದೂರ ಹೊರಟದ್ದು ಒಂದೋ ಮದುವೆಗೆ, ಇಲ್ಲವೇ ಮಯ್ಯತ್ತಿಗೆ.

ನನ್ನ ಕಣ್ಣು ತೆರೆಸಿದವಳು ಜರ್ಮನಿಯ ಮ್ಯೂನಿಕ್ ನಗರದಲ್ಲಿರುವ ನನ್ನ ತಂಗಿ. 2022ರಲ್ಲಿ ಉಕ್ರೇನ್ ಯುದ್ಧದಿಂದಾಗಿ ಇಂಧನದ ಬೆಲೆ ಏರಿದಾಗ ಅಲ್ಲಿನ ಸರಕಾರ ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ವ್ಯವಸ್ಥೆ ಮಾಡಿತು. ತಿಂಗಳಿಗೆ 9 ಯೂರೋ ಕೊಟ್ಟರೆ ದೇಶದ ಎಲ್ಲ ಊರುಗಳ ಸಿಟಿ ಬಸ್ಸು ಮತ್ತು ಪ್ರಾದೇಶಿಕ ರೈಲುಗಳಲ್ಲಿ ಎಷ್ಟು ಬೇಕಾದರೂ ಓಡಾಡಬಹುದು. ಆಗಿನ ಲೆಕ್ಕದಲ್ಲಿ ಅದು ಸುಮಾರು 750 ರೂಪಾಯಿ. ತಂಗಿಯ ಮನೆಯವರು, ಗೆಳತಿಯರಾದ ಒಂದು ಹೈದರಾಬಾದಿ ಕುಟುಂಬ ಮತ್ತು ಒಂದು ಟರ್ಕಿ ಕುಟುಂಬ ಸೇರಿ ಶನಿವಾರ ಬಂತೆಂದರೆ ಹೊರಟುಬಿಡುತ್ತಿದ್ದರು. ಒಂದು ವಾರ ನ್ಯೂರೆಂಬರ್ಗ್ ಕೋಟೆ, ಇನ್ನೊಂದು ವಾರ ಬೆಟ್ಟದ ಮೇಲಿನ ಅರಮನೆ. ಮತ್ತೊಂದು ವಾರ ಅದೇ ಟಿಕೆಟ್ಟಿನಲ್ಲಿ ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗ್!

"ಗಡಿ ದಾಟಿದ್ದೇ ಗೊತ್ತಾಗಲಿಲ್ಲ ಆಪಾ" ಎಂದಳು. ಯುರೋಪಿನ ಷೆಂಗೆನ್ ಒಪ್ಪಂದದ ದೇಶಗಳು ಈಗ 29. ಒಂದೇ ವೀಸಾದಲ್ಲಿ ಅಷ್ಟೂ ದೇಶಗಳಿಗೆ ಹೋಗಿಬರಬಹುದು. ಆದರೂ ರೈಲಿನಲ್ಲಿ ಪೊಲೀಸರು ತಪಾಸಣೆ ಮಾಡುವುದುಂಟು, ಪಾಸ್‌ಪೋರ್ಟ್ ಮನೆಯಲ್ಲಿಟ್ಟು ಹೊರಡುವಂತಿಲ್ಲ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ನಂತರ. ದಿನವಿಡೀ ತಿರುಗಾಡಿ, ಮನೆಗೆ ಬಂದು ಮಗ್ರಿಬ್ ನಮಾಝ್ ಮಾಡುತ್ತಿದ್ದೆವು ಎಂದು ಹೇಳುತ್ತಿದ್ದಳು.

ಅವಳು ಕಳಿಸಿದ ಫೋಟೋ ಒಂದರಲ್ಲಿ ಬುತ್ತಿಯ ಡಬ್ಬಿ ಕಂಡಿತು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಸೇಬು.

"ಇಷ್ಟೇನಾ?" ಎಂದೆ.

"ಅಷ್ಟೇ ಆಪಾ. ಊರು ನೋಡೋಕೆ ಹೋಗ್ತೀವಿ, ಅಡುಗೆ ಹೊತ್ಕೊಂಡು ತಿರುಗೋಕಲ್ಲ."

ಆ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ.

ಅದೇ ವರ್ಷ ಅವಳು ಅಮ್ಮಿಯನ್ನು ಕರೆದಳು. ಅಬ್ಬಾ ತೀರಿಕೊಂಡ ಮೇಲೆ ಅಮ್ಮಿ ಹಿಂದಿನ ಬೀದಿಯಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಅಮ್ಮಿ ಫೋನಿನಲ್ಲೇ ನಕ್ಕುಬಿಟ್ಟರು. "ನಿನ್ನ ಬಾಣಂತನವಿದ್ದರೆ ಹೇಳು, ನಾಳೆಯೇ ಬರುತ್ತೇನೆ. ಬರೀ ತಿರುಗಾಟಕ್ಕೆ ನಾನ್ಯಾಕೆ?" ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿ ಹೇಳಿದರು. "ಐವತ್ತು ವರ್ಷದಿಂದ ಈ ಊರಲ್ಲಿದ್ದೇನೆ. ನಂದಿ ಬೆಟ್ಟವನ್ನೇ ನೋಡಿಲ್ಲ, ಇನ್ನು ಜರ್ಮನಿಯೇ?"

ದೂರು ಹೇಳುವ ದನಿಯಲ್ಲಿ ಅವರು ಅದನ್ನು ಹೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಚುಚ್ಚಿತು. ಮಗಳ ಬಾಣಂತನಕ್ಕಾದರೆ ಸಮುದ್ರ ದಾಟಲು ತಯಾರಿರುವ ತಾಯಿಗೆ, ತನಗಾಗಿ ಇಪ್ಪತ್ತೈದು ಕಿಲೋಮೀಟರ್ ಹೋಗುವ ಹಕ್ಕಿದೆ ಎಂದು ಅನ್ನಿಸಿಯೇ ಇರಲಿಲ್ಲ. ನನಗಾದರೂ ಅದು ತೋಚಿತ್ತೇ?

ಗುರುತಿನ ಚೀಟಿಯೇ ಟಿಕೆಟ್ಟು

2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಂಗಸರಿಗೆ ಟಿಕೆಟ್ ದರವಿಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಕು. ತಂಗಿಗೆ ಹೇಳಿದೆ. "ನೋಡು ಆಪಾ, ನನ್ನ 9 ಯೂರೋ ಟಿಕೆಟ್ಟು ಮೂರೇ ತಿಂಗಳಿಗೆ ನಿಂತಿತು, ಆಮೇಲೆ ಬಂದದ್ದಕ್ಕೆ 49 ಯೂರೋ. ನಿನಗೆ ಪೂರ್ತಿ ಬಿಟ್ಟಿ. ಇನ್ನೂ ಮನೆಯಲ್ಲೇ ಕೂತಿದ್ದೀಯಾ?"

ಕೂತಿದ್ದೆ, ಇನ್ನೂ ಎರಡು ವರ್ಷ! ಕೊನೆಗೂ 2025ರ ರಂಝಾನ್ ಹಬ್ಬ ಮುಗಿದು ಶಾಲೆಗಳಿಗೆ ರಜೆ ಸಿಕ್ಕಾಗ ಗಟ್ಟಿ ಮನಸ್ಸು ಮಾಡಿದೆ. ನಾಲ್ಕು ಭಾನುವಾರ, ನಾಲ್ಕು ಊರು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ಹೊಸಕೋಟೆಯವರೆಗೆ ಒಂದೇ ಹೆದ್ದಾರಿ. ಅಮ್ಮಿ, ತಮ್ಮನ ಹೆಂಡತಿ, ನಾನು, ನಮ್ಮ ಮಕ್ಕಳು, ಜೊತೆಗೆ ಪಕ್ಕದ ಮನೆಯ ಗೆಳತಿ ಮತ್ತು ಅವಳ ಮಗಳು.

ಮೊದಲ ಭಾನುವಾರ ನೆಲಮಂಗಲ ತಾಲೂಕಿನ ಶಿವಗಂಗೆ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಕೊನೆಯುಸಿರೆಳೆದ ಜಾಗ. ನೃತ್ಯ, ಸಂಗೀತಗಳಲ್ಲಿ ಹೆಸರಾದ ರಾಣಿ ಎಂದು ಶಾಲೆಯಲ್ಲಿ ಓದಿದ್ದೆ. ಗೆಳತಿ ತನ್ನ ಮಗಳೊಂದಿಗೆ ದೇವರ ದರ್ಶನಕ್ಕೆ ಹೋದಳು, ನಮ್ಮ ಮಕ್ಕಳು ಮೆಟ್ಟಿಲುಗಳ ಕಡೆ ಓಡಿದರು. ಆದರೆ ಆ ದಿನ ನಾನೊಂದು ತಪ್ಪು ಮಾಡಿದ್ದೆ. ಬೆಳಗಿನ ಜಾವ ಮೂರಕ್ಕೆ ಎದ್ದು ಅಮ್ಮಿ ಮತ್ತು ನಾನು ಪಲಾವ್, ಕಬಾಬ್, ಚಪಾತಿ, ಪಲ್ಯ, ಶಾವಿಗೆ ಎಲ್ಲ ಮಾಡಿದ್ದೆವು. ನಾಲ್ಕು ಚೀಲ ಬುತ್ತಿ! ಅದನ್ನು ಕಾಯುತ್ತ ಅಮ್ಮಿ ಮರದ ಕೆಳಗೆ ಕೂತರು. ಕೋತಿಗಳನ್ನು ಓಡಿಸಿದರು, ಎಲ್ಲರಿಗೂ ಬಡಿಸಿದರು, ತಟ್ಟೆ ತೊಳೆದರು. ಸಂಜೆ ಬಸ್ಸಿನಲ್ಲಿ ಕೂತಲ್ಲೇ ನಿದ್ದೆ ಹೋದರು. ಅವರು ಬೆಟ್ಟದ ಕಡೆ ತಲೆ ಎತ್ತಿ ನೋಡಿದ್ದನ್ನೇ ನಾನು ಕಾಣಲಿಲ್ಲ. ಅಡುಗೆ ಮನೆಯನ್ನೇ ಹೊತ್ತುಕೊಂಡು ಹೋಗಿದ್ದೆವು. ತಂಗಿಯ ಡಬ್ಬಿಯ ಮಾತು ನೆನಪಾದದ್ದು ಆಗಲೇ.

ಅಂದು ರಾತ್ರಿಯೇ ನಿಯಮ ಮಾಡಿದೆವು. ಹೊರಟವರು ಅಡುಗೆ ಮಾಡುವುದಿಲ್ಲ. ಮನೆಯಲ್ಲಿ ಉಳಿದವರೂ ತಮ್ಮ ಅನ್ನ ತಾವೇ ಬೇಯಿಸಿಕೊಳ್ಳಬೇಕು. ನಮ್ಮವರು ಸ್ವಲ್ಪ ಮುಖ ಊದಿಸಿದರು. ಆದರೆ ವರ್ಷಗಟ್ಟಲೆ ಮಗ್ಗದ ಸದ್ದಿನಲ್ಲೇ ದುಡಿದ ಅವರಿಗೆ ಬಿಡುವು ಎಂದರೇನೆಂದು ಗೊತ್ತು. "ಮೊಟ್ಟೆ ಎಲ್ಲಿದೆ ಅಂತ ಹೇಳಿ ಹೋಗು" ಎಂದರು, ಅಷ್ಟೇ.

ಬೇರೆಯವರು ಬೇಯಿಸಿದ ಊಟ

ಎರಡನೆಯ ವಾರ ಹೊಸಕೋಟೆ. ಶನಿವಾರ ರಾತ್ರಿಯೇ ಹೋಗಿ ಖಾಲಾ ಮನೆಯಲ್ಲಿ ಉಳಿದೆವು. ಭಾನುವಾರ ಬೆಳಗಿನ ಜಾವ ಅಲ್ಲಿ ಸೌದೆ ಒಲೆಯ ದಮ್ ಬಿರಿಯಾನಿಗಾಗಿ ಜನ ಸಾಲುಗಟ್ಟುವುದು ನಿಮಗೂ ಗೊತ್ತಿರಬಹುದು. ಬೆಂಗಳೂರಿನಿಂದ ನಾಲ್ಕು ಗಂಟೆಗೇ ಬಂದು ನಿಲ್ಲುತ್ತಾರೆ. ಫಜ್ರ್ ಮುಗಿಸಿ ನಾವೂ ಹೋದೆವು. ಅಮ್ಮಿ ಮೊದಲ ತುತ್ತು ಬಾಯಿಗಿಟ್ಟು, "ಮಸಾಲೆ ಪರವಾಗಿಲ್ಲ, ಅಕ್ಕಿ ಇನ್ನೂ ಸ್ವಲ್ಪ ಬಿಡಿಬಿಡಿಯಾಗಬೇಕಿತ್ತು" ಎಂದು ತೀರ್ಪು ಕೊಟ್ಟರು. ತಟ್ಟೆ ಖಾಲಿ ಮಾಡಿದ ಮೇಲೆ ಮೆಲ್ಲಗೆ ಹೇಳಿದರು. "ಕೂತಲ್ಲಿಗೆ ಬಿಸಿ ಊಟ ಬಂದದ್ದು ನನ್ನ ಹೆರಿಗೆಯ ದಿನಗಳಲ್ಲಿ, ಬಿಟ್ಟರೆ ಇವತ್ತು."

ಆಮೇಲೆ ಕೆರೆ ಏರಿಯ ಮೇಲೆ ನಡೆದೆವು. ಕೋಲಾರದ ಹಳೆಯ ಕೋಟೆಗೆ ಎದುರಾಗಿ 1595ರ ಸುಮಾರಿಗೆ ಸುಗಟೂರಿನ ಪಾಳೇಗಾರರು ಕಟ್ಟಿದ 'ಹೊಸ ಕೋಟೆ'ಯಿಂದಲೇ ಊರಿಗೆ ಈ ಹೆಸರು ಬಂತಂತೆ. ನಂದಿಯ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಈ ಊರಿನ ಮೂಲಕವೇ ಹರಿಯುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟೆ.

ಮೂರನೆಯ ವಾರ ದೇವನಹಳ್ಳಿ. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಹೈದರಾಲಿ ಕಲ್ಲಿನಲ್ಲಿ ಮತ್ತೆ ಕಟ್ಟಿಸಿದನು. 1791ರಲ್ಲಿ ಅದು ಕಾರ್ನ್‌ವಾಲಿಸನ ಕೈಸೇರಿತು. ಕೋಟೆಯೊಳಗೆ ಇವತ್ತಿಗೂ ಮನೆಗಳಿವೆ, ವೇಣುಗೋಪಾಲಸ್ವಾಮಿ ದೇವಾಲಯವಿದೆ. ಕೋಟೆಯ ಹೊರಗೆ ಸ್ವಲ್ಪ ದೂರದಲ್ಲಿ, 1750ರ ಸುಮಾರಿಗೆ ಟಿಪ್ಪು ಸುಲ್ತಾನ್ ಹುಟ್ಟಿದ ಜಾಗದಲ್ಲಿ ಕಲ್ಲಿನ ಪುಟ್ಟ ಮಂಟಪವಿದೆ. ಅಮ್ಮಿ ಅಲ್ಲಿ ಕಂಬಕ್ಕೊರಗಿ ಕೂತು, ಚಿಕ್ಕವರಿದ್ದಾಗ ತಮ್ಮ ಅಬ್ಬಾ ಸಂತೆಯಿಂದ ತರುತ್ತಿದ್ದ ದೇವನಹಳ್ಳಿ ಚಕ್ಕೋತದ ಕಥೆ ಹೇಳಿದರು. ಹಣ್ಣು ತಿಂದು, ಸಿಪ್ಪೆಯನ್ನು ಟೋಪಿ ಮಾಡಿ ತಲೆಗಿಟ್ಟುಕೊಂಡು ಕುಣಿಯುತ್ತಿದ್ದರಂತೆ! ಅಮ್ಮಿ ಕುಣಿದದ್ದನ್ನು ನಮ್ಮ ಮಕ್ಕಳಿಗೆ ನಂಬಲಾಗಲಿಲ್ಲ. ಆ ಚಕ್ಕೋತಕ್ಕೆ ಈಗ ಭೌಗೋಳಿಕ ಸೂಚಕದ ಮನ್ನಣೆಯಿದೆ. ಅಷ್ಟರಲ್ಲಿ ತಲೆಯ ಮೇಲೆ ವಿಮಾನವೊಂದು ಹೋಯಿತು. 2008ರ ಮೇ ತಿಂಗಳಿನಿಂದ ಆ ಊರಿಗೆ ಅದು ದಿನನಿತ್ಯದ ನೋಟ. ಅಮ್ಮಿ ಕಣ್ಣಿಗೆ ಕೈ ಅಡ್ಡ ಹಿಡಿದು ಅದು ಮರೆಯಾಗುವವರೆಗೂ ನೋಡಿದರು. ಏನೂ ಹೇಳಲಿಲ್ಲ.

ಕೊನೆಯ ವಾರ ನಂದಿ ಬೆಟ್ಟ. 2007ರಿಂದ ಅದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ, ಆದರೂ ನಮ್ಮ ಪಾಲಿಗೆ ಅದು ನೆರೆಮನೆ. ಎತ್ತರ 1,478 ಮೀಟರ್. ಟಿಪ್ಪುವಿನ ಬೇಸಿಗೆ ಅರಮನೆ ಇರುವುದು ಅಲ್ಲೇ. 1986ರ ಸಾರ್ಕ್ ಶೃಂಗಸಭೆಯ ಸಮಯದಲ್ಲಿ ದೇಶದೇಶಗಳ ನಾಯಕರು ಬಂದಿದ್ದೂ ಅಲ್ಲಿಗೇ. ಬಸ್ಸು ಮೇಲಿನವರೆಗೆ ಹೋಗುವುದರಿಂದ ಅಮ್ಮಿಯ ಮಂಡಿಗೆ ಕಷ್ಟವಾಗಲಿಲ್ಲ. ನೆರಳಿನಲ್ಲಿ ಚಾದರ ಹಾಸಿ ಝುಹ್ರ್ ಮುಗಿಸಿ, ಬಾಳೆಹಣ್ಣು, ಬನ್ನು ತಿಂದು, ಮಜ್ಜಿಗೆ ಕುಡಿದೆವು. ಬಡಿಸುವ ಕೆಲಸವೇ ಇರಲಿಲ್ಲ.

ಸಹೋದರಿಯರೇ, ನೀವೂ ಹೊರಡಿ

ನಾವು ಕಲಿತದ್ದಿಷ್ಟು. ಬೆಳಿಗ್ಗೆ ಬೇಗ ಹೊರಟು ಕತ್ತಲಾಗುವ ಮುಂಚೆ ಮನೆ ಸೇರಿ. ಗುರುತಿನ ಚೀಟಿ, ನೀರು, ಕೊಡೆ, ಹಿರಿಯರ ಮಾತ್ರೆ ಮರೆಯಬೇಡಿ. ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಇಳಿದ ಕೂಡಲೇ ಕೇಳಿಕೊಳ್ಳಿ. ಹೆಂಗಸರಿಗೆ ಶೌಚಾಲಯ ಎಲ್ಲೆಂದು ಮೊದಲೇ ನೋಡಿಡಿ. ಒಂದು ದಿನಕ್ಕೆ ಒಂದೇ ಊರು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಹಿರಿಯ ಹೆಂಗಸನ್ನು ಬುತ್ತಿ ಕಾಯಲು ಕರೆದೊಯ್ಯಬೇಡಿ.

ನಂದಿಯ ಮೇಲಿಂದ ತಂಗಿಗೆ ವಿಡಿಯೋ ಕರೆ ಮಾಡಿದ್ದೆವು. ಅಮ್ಮಿ ಫೋನನ್ನು ಸುತ್ತಲೂ ತಿರುಗಿಸಿ ಬೆಟ್ಟ ತೋರಿಸಿದರು. ಆಮೇಲೆ ಕೇಳಿದರು. "ನಿಮ್ಮ ಆ ರೈಲು ಟಿಕೆಟ್ಟಿಗೆ ಈಗ ಎಷ್ಟು?"

"58 ಯೂರೋ ಅಮ್ಮಿ. ಯಾಕೆ?"

"ನನಗೂ ಒಂದು ತೆಗೆದಿಡು. ಬಾಣಂತನಕ್ಕಲ್ಲ, ಊರು ನೋಡೋಕೆ ಬರ್ತೀನಿ."

ಮರುದಿನವೇ ತಮ್ಮ ಅಮ್ಮಿಯ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ.