ಆಮ್‌ಸ್ಟರ್‌ಡಾಮಿನ ಒಂದು ಹಿಂಮನೆ

ಆನ್ ಫ್ರಾಂಕ್ ಎಂಬ ಬಾಲಿಕೆಯ ದಿನಚರಿಯನ್ನು ಓದಿದ ನಮ್ಮ ಮೇಲ್ತರಗತಿಯ ಹುಡುಗಿಯರು ವರುಷ ವರುಷವೂ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ಜನನಿಬಿಡವಾದ ಪಟ್ಟಣದ ನಡುವೆ ಎಂಟು ಮಂದಿ ಅಷ್ಟು ಕಾಲ ಹೊರಗಿನವರ ಕಣ್ಣಿಗೆ ಬೀಳದೆ ಇದ್ದುದಾದರೂ ಹೇಗೆ? ಇದಕ್ಕೆ ಉತ್ತರದ ಬಹುಭಾಗವು ಆ ಮನೆಯ ಕಟ್ಟಡದಲ್ಲಿಯೇ ಇದೆ. ಆದಕಾರಣ ಹಳೆಯ ವಿದ್ಯಾರ್ಥಿನಿಯರಿಗೂ ಹೆತ್ತವರಿಗೂ ಆ ಮನೆಯನ್ನು ಇಲ್ಲಿ ಪರಿಚಯ ಮಾಡಿಕೊಡಲು ಬಯಸುತ್ತೇವೆ.

ಹಾಲೆಂಡು ದೇಶದ ಆಮ್‌ಸ್ಟರ್‌ಡಾಮ್ ಪಟ್ಟಣದಲ್ಲಿ ಕಾಲುವೆಗಳೇ ಹಿಂದೆ ರಾಜಬೀದಿಗಳಾಗಿದ್ದುವು. ನೀರಿಗೆ ಮುಖಮಾಡಿದ ನೆಲಕ್ಕೆ ಬೆಲೆ ಹೆಚ್ಚು. ಆದುದರಿಂದ ವರ್ತಕರು ತಮ್ಮ ಮನೆಗಳನ್ನು ಅಗಲದಲ್ಲಿ ಕಿರಿದಾಗಿಯೂ ಉದ್ದದಲ್ಲಿಯೂ ಎತ್ತರದಲ್ಲಿಯೂ ಹಿರಿದಾಗಿಯೂ, ಒಂದರ ಗೋಡೆಗೆ ಮತ್ತೊಂದು ತಾಗುವಂತೆ ಕಟ್ಟಿದರು. ನಮ್ಮ ಪೇಟೆಬೀದಿಗಳ ಸಾಲುಮನೆಗಳನ್ನು ಕಂಡವರಿಗೆ ಇದು ಹೊಸದಲ್ಲ. ಅಲ್ಲಿಯ ನೆಲವು ಕೆಸರಾದುದರಿಂದ ಮರದ ಕಂಬಗಳನ್ನು ಆಳಕ್ಕೆ ನೆಟ್ಟು, ಅವುಗಳ ಮೇಲೆ ಗೋಡೆಗಳನ್ನು ಎಬ್ಬಿಸಿದರು. ಮೆಟ್ಟಿಲುಗಳು ಏಣಿಯಂತೆ ಕಡಿದಾಗಿದ್ದುದರಿಂದ ಭಾರವಾದ ಸರಕನ್ನು ಮಾಳಿಗೆಯ ನೆತ್ತಿಯಲ್ಲಿ ಚಾಚಿದ ತೊಲೆಗೆ ಹಗ್ಗ ಕಟ್ಟಿ ಹೊರಗಿನಿಂದಲೇ ಮೇಲಕ್ಕೆ ಎಳೆಯುತ್ತಿದ್ದರು.

ಇಂತಹ ಉದ್ದವಾದ ಮನೆಯ ನಡುಭಾಗಕ್ಕೆ ಬೆಳಕು ಬಾರದು. ಆದಕಾರಣ ಬೀದಿಯ ಕಡೆಗೆ ಒಂದು ಮುಂಮನೆ, ಅದರ ಹಿಂದೆ ತೆರವು, ತೆರವಿನ ಆಚೆಗೆ ಒಂದು ಹಿಂಮನೆ, ಇವೆರಡನ್ನೂ ಕೂಡಿಸುವ ಇಕ್ಕಟ್ಟಾದ ಓಣಿ, ಈ ವಿಧದ ಏರ್ಪಾಡು ಅಲ್ಲಿ ರೂಢಿಯಾಯಿತು.

ಪ್ರಿನ್ಸೆನ್‌ಗ್ರಾಖ್ತ್ ಎಂಬ ಕಾಲುವೆಯ ದಡದಲ್ಲಿ 263ನೆಯ ಸಂಖ್ಯೆಯ ಮನೆಯನ್ನು 1635ರಲ್ಲಿ ಕಟ್ಟಿದರು. ಸುಮಾರು 1740ರಲ್ಲಿ ಮುಂಭಾಗವನ್ನು ಮಾರ್ಪಡಿಸಿ, ಹಳೆಯ ಹಿಂಮನೆಯನ್ನು ಕೆಡವಿ, ಅದರ ಸ್ಥಳದಲ್ಲಿ ಹಿರಿದಾದುದೊಂದನ್ನು ಕಟ್ಟಿದರು. ಇನ್ನೂರು ವರುಷಗಳ ಮೇಲೆ ಈ ಮಾರ್ಪಾಡು ಯಾರಿಗೆ ಆಸರೆಯಾಗುವುದೆಂದು ಆ ಕೆಲಸಗಾರರು ಹೇಗೆ ಬಲ್ಲರು! ವಾಸದ ಮನೆಯು ಕಾಲಕ್ರಮದಲ್ಲಿ ಉಗ್ರಾಣವಾಯಿತು, ಕುದುರೆಗಳ ಲಾಯವೂ ಆಯಿತು, ಬಳಿಕ ಕಾರ್ಖಾನೆಯಾಯಿತು. 1940ರ ಡಿಸೆಂಬರದಲ್ಲಿ ಆನಳ ತಂದೆಯಾದ ಆಟೊ ಫ್ರಾಂಕರು ತಮ್ಮ ವ್ಯಾಪಾರವನ್ನು ಇಲ್ಲಿಗೆ ತಂದರು. ನೆಲಮಟ್ಟದಲ್ಲಿ ಸಂಬಾರ ಪದಾರ್ಥಗಳನ್ನು ಬೀಸುವ ಉಗ್ರಾಣ, ಅದರ ಮೇಲೆ ಕಚೇರಿ.

ಜರ್ಮನರ ಆಳ್ವಿಕೆಯಲ್ಲಿ ಯೆಹೂದ್ಯರನ್ನು ಹಿಡಿದು ಸಾಗಿಸತೊಡಗಿದಾಗ, 1942ರ ಜುಲೈ 6ರಂದು ಈ ಕುಟುಂಬವು ಹಿಂಮನೆಯ ಮೇಲಣ ಕೋಣೆಗಳನ್ನು ಸೇರಿತು. ಸುತ್ತಲೂ ಮನೆಗಳಿದ್ದುದರಿಂದ ಹಿಂಮನೆಯು ಬೀದಿಗೂ ಕಾಲುವೆಗೂ ಕಾಣದು. ಹೊಗುವ ದಾರಿಯೊಂದೇ. ಅದನ್ನೂ ಮರೆಮಾಡುವುದಕ್ಕಾಗಿ ಉಗ್ರಾಣದ ಮೇಸ್ತ್ರಿಯಾದ ಯೋಹಾನ್ ವೊಸ್ಕೈಲರು ಅದೇ ಆಗಸ್ಟಿನಲ್ಲಿ, ಬಾಗಿಲಿನಂತೆ ತೆರೆಯುವ ಪುಸ್ತಕದ ಕಪಾಟೊಂದನ್ನು ಮಾಡಿ ನಿಲ್ಲಿಸಿದರು. ಆ ಮನೆಯ ಮಾರ್ಪಾಡುಗಳಲ್ಲಿ ಅತಿ ಚಿಕ್ಕದೂ ಅತಿ ಮುಖ್ಯವೂ ಇದೇ. ಆದರೂ ಗೋಡೆಗಳು ನೋಟವನ್ನು ತಡೆಯಬಲ್ಲುವು, ಸದ್ದನ್ನು ತಡೆಯಲಾರವು. ಕೆಳಗೆ ಕೆಲಸಗಾರರು ಇರುವಷ್ಟು ಹೊತ್ತು ಮೇಲಿನವರು ಮೆಲ್ಲನೆ ಹೆಜ್ಜೆಯಿಟ್ಟು ಪಿಸುಮಾತಿನಲ್ಲಿ ದಿನ ಕಳೆದರು. 1944ರ ಆಗಸ್ಟ್ 4ರಂದು ಎಂಟು ಮಂದಿಯೂ ಸೆರೆಸಿಕ್ಕಿದರು. ಬದುಕಿ ಹಿಂದಿರುಗಿದವರು ತಂದೆಯೊಬ್ಬರೇ. ಅವರು 1947ರಲ್ಲಿ ಪ್ರಕಟಪಡಿಸಿದ ಮಗಳ ದಿನಚರಿಗೆ ಡಚ್ ಭಾಷೆಯಲ್ಲಿ ‘ಹೆಟ್ ಆಖ್ಟರ್‌ಹೌಸ್’ ಎಂದು ಹೆಸರು. ಹಿಂಮನೆ ಎಂದೇ ಅದರ ಅರ್ಥ.

ಬಳಿಕ ಈ ಕಟ್ಟಡವನ್ನು ಕೆಡವುವ ಆಲೋಚನೆ ಹುಟ್ಟಿತು. ಪಟ್ಟಣದ ಜನರು ವಿರೋಧಿಸಿದರು. 1957ರಲ್ಲಿ ಪ್ರತಿಷ್ಠಾನವೊಂದು ಏರ್ಪಟ್ಟು, 1960ರ ಮೇ 3ರಂದು ಮನೆಯು ಸಾರ್ವಜನಿಕರಿಗೆ ತೆರೆಯಿತು. ಸೆರೆಹಿಡಿದ ಮೇಲೆ ಕೋಣೆಗಳ ಸಾಮಾನನ್ನೆಲ್ಲ ಸಾಗಿಸಿಬಿಟ್ಟಿದ್ದರು. ಕೋಣೆಗಳು ಬರಿದಾಗಿಯೇ ಇರಲಿ ಎಂದು ತಂದೆಯು ಬಯಸಿದರು. ಇಂದಿಗೂ ಹಾಗೆಯೇ ಇವೆ.

ಬರಿದಾದ ಆ ಕೋಣೆಯೊಂದರ ಗೋಡೆಯ ಮೇಲೆ ಪೆನ್ಸಿಲಿನ ಸಣ್ಣ ಗೆರೆಗಳು ಉಳಿದಿವೆ. ಹೆಣ್ಣುಮಕ್ಕಳಿಬ್ಬರೂ ಎಷ್ಟು ಬೆಳೆದರೆಂದು ಹೆತ್ತವರು ಅಳೆದು ಹಾಕಿದ ಗುರುತುಗಳವು. ಬಿಸಿಲು ಕಾಣದ ಆ ಮನೆಯಲ್ಲಿ ಆನಳು 13 ಸೆಂಟಿಮೀಟರಿಗೂ ಮಿಗಿಲಾಗಿ ಬೆಳೆದಳು. ತಮ್ಮ ಮನೆಯ ಬಾಗಿಲ ಬಳಿ ಮಗಳನ್ನು ನಿಲ್ಲಿಸಿ ಇಂತಹ ಗೆರೆಯನ್ನು ಎಳೆದ ಹೆತ್ತವರಿಗೆ ನಾವು ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.